ಮಕ್ಕಳೊಂದಿಗೆ ಮೊದಲ ಹೈದರಾಬಾದ್

ಬೇಸಿಗೆ ರಜೆ ಬಂತೆಂದರೆ ಸುರಪುರ, ಶಹಾಪುರ, ಯಾದಗಿರಿಯ ಎಷ್ಟೋ ಮಕ್ಕಳಿಗೆ ಅಜ್ಜಿಯ ಊರೇ ಪ್ರವಾಸ. ಯಾವುದೋ ಒಂದು ವರ್ಷ ಮನೆಯಲ್ಲಿ ನಾಲ್ಕು ಕಾಸು ಉಳಿದು, ಮಕ್ಕಳಿಗೆ ದೊಡ್ಡ ಊರು ತೋರಿಸೋಣ ಎಂಬ ಮಾತು ಬಂದರೆ ಬೆಂಗಳೂರಿಗಿಂತ ಮೊದಲು ಹೈದರಾಬಾದ್ ನೆನಪಾಗುತ್ತದೆ. ಅದಕ್ಕೆ ಕಾರಣವೂ ಇದೆ. ಯಾದಗಿರಿಯಿಂದ ರಸ್ತೆಯಲ್ಲಿ ಹೋದರೆ ಅದು ಸುಮಾರು 200 ಕಿಲೋಮೀಟರ್, ಬೆಂಗಳೂರಿನ ಅರ್ಧ ದಾರಿಯೂ ಅಲ್ಲ. ಮೇಲಾಗಿ 1948ರವರೆಗೆ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. 1956ರಲ್ಲಿ ಕನ್ನಡ ನಾಡಿಗೆ ಸೇರುವ ತನಕ ಇಲ್ಲಿಯ ಹಿರಿಯರಿಗೆ ರಾಜಧಾನಿ ಎಂದರೆ ಹೈದರಾಬಾದೇ.

ಅಪ್ಪ, ಅವ್ವ, ನಾಲ್ಕನೇ ತರಗತಿಯ ಮಗಳು, ಮೂರು ವರ್ಷದ ಮಗ ಇರುವ ಒಂದು ಕುಟುಂಬ ಹೊರಟಿತೆನ್ನಿ. ಎರಡು ದಿನದಲ್ಲಿ ಚಾರ್‌ಮಿನಾರ್, ಗೋಲ್ಕೊಂಡ, ಸಾಲಾರ್ ಜಂಗ್ ಮ್ಯೂಸಿಯಂ, ಪ್ರಾಣಿ ಸಂಗ್ರಹಾಲಯ, ಬಿರ್ಲಾ ಮಂದಿರ, ಹುಸೇನ್ ಸಾಗರ ಎಲ್ಲವನ್ನೂ ಮುಗಿಸಬೇಕೆಂದು ಪಟ್ಟಿ ಸಿದ್ಧವಾಗುತ್ತದೆ. ಎರಡನೆಯ ಮಧ್ಯಾಹ್ನದ ಹೊತ್ತಿಗೆ ಚಿಕ್ಕವನು ರಚ್ಚೆ ಹಿಡಿಯುತ್ತಾನೆ, ದೊಡ್ಡವಳು ಕಾಲು ನೋವೆನ್ನುತ್ತಾಳೆ. ‘ಇಷ್ಟ್ ರೊಕ್ಕಾ ಹಾಕಿ ಕರಕೊಂಡ ಬಂದ್ರ ಅಳ್ತೀರೇನು?’ ಎಂದು ಅಪ್ಪ ಗದರುತ್ತಾನೆ. ತಪ್ಪು ಮಕ್ಕಳದಲ್ಲ. ಆ ಪಟ್ಟಿ ದೊಡ್ಡವರು ದೊಡ್ಡವರಿಗಾಗಿ ಮಾಡಿದ್ದು.

ಇದರಲ್ಲಿ ಇನ್ನೂ ಒಂದು ನಷ್ಟವಿದೆ. ಎತ್ತರದ ಕಟ್ಟಡ, ಥಳಕಿನ ಅಂಗಡಿಗಳನ್ನಷ್ಟೇ ಕಣ್ಣು ತುಂಬಿಕೊಂಡ ಮಗು ‘ನಮ್ಮೂರಾಗ ಏನೂ ಇಲ್ಲ’ ಎಂದುಕೊಂಡು ಮರಳುತ್ತದೆ. ಹಿಂದುಳಿದ ಜಿಲ್ಲೆ ಎಂಬ ಮಾತನ್ನು ಕೇಳುತ್ತಲೇ ಬೆಳೆಯುವ ಮಕ್ಕಳ ಮನಸ್ಸಿನಲ್ಲಿ ಅದು ಬೇಗ ಬೇರೂರುತ್ತದೆ. ದಿನಕ್ಕೆ ಒಂದೇ ಮುಖ್ಯ ಸ್ಥಳ, ಅದೂ ಮಗುವಿಗೆ ಗೊತ್ತಿರುವುದಕ್ಕೆ ಹೊಂದುವಂಥದ್ದು ಎಂದಿಟ್ಟುಕೊಂಡರೆ ಈ ಎರಡೂ ತೊಂದರೆ ತಪ್ಪುತ್ತವೆ.

ಗೋಲ್ಕೊಂಡವನ್ನೇ ತೆಗೆದುಕೊಳ್ಳಿ. ಬಾಗಿಲ ಕಮಾನಿನ ಕೆಳಗೆ ಚಪ್ಪಾಳೆ ತಟ್ಟಿದರೆ ಗುಡ್ಡದ ತುದಿಯ ಬಾಲಾ ಹಿಸಾರ್‌ನಲ್ಲಿ ಕೇಳಿಸುತ್ತದೆ. ಅಪ್ಪ, ಮಗಳು ಮೇಲೆ ಹತ್ತಲಿ. ಚಿಕ್ಕವನು ಅವ್ವನ ಜೊತೆ ಕೆಳಗೇ ನಿಂತು ಚಪ್ಪಾಳೆ ತಟ್ಟಲಿ. ಹತ್ತಲಾಗದ ಮಗುವಿಗೂ ಆಟದಲ್ಲಿ ಪಾಲು ಸಿಕ್ಕಿತು. ಯಾದಗಿರಿಯ ಕೋಟೆ ಹತ್ತಿದ ಮಕ್ಕಳಿಗೆ ಬಂಡೆಯ ಮೇಲಿನ ಈ ಕೋಟೆ ಹೊಸದೆನಿಸದು. ಔರಂಗಜೇಬ ಇದನ್ನು 1687ರಲ್ಲಿ ಗೆದ್ದ. ಅದೇ ಬಾದಶಹ ಮುದಿ ವಯಸ್ಸಿನಲ್ಲಿ, 1705ರಲ್ಲಿ, ತಾನೇ ದಂಡು ಕಟ್ಟಿಕೊಂಡು ಸುರಪುರದ ಬಳಿಯ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಕೋಟೆ ಸಿಕ್ಕಿತು, ನಾಯಕರು ಮಾತ್ರ ಕೈಗೆ ಸಿಗಲಿಲ್ಲ. ಇಷ್ಟು ಹೇಳಿದರೆ ಸಾಕು, ಮಗಳ ಕಣ್ಣಿನಲ್ಲಿ ಎರಡೂ ಕೋಟೆಗಳು ಪಕ್ಕಪಕ್ಕ ನಿಲ್ಲುತ್ತವೆ.

ಹುಸೇನ್ ಸಾಗರದ ನಡುವೆ ನಿಂತಿರುವ ಏಕಶಿಲೆಯ ಬುದ್ಧನ ಎತ್ತರ ಸುಮಾರು 18 ಮೀಟರ್. 1990ರಲ್ಲಿ ಸಾಗಿಸುವಾಗ ಮೂರ್ತಿ ನೀರಿಗೆ ಬಿದ್ದು ಕೆಲವರ ಜೀವ ಹೋಯಿತು. ಅದನ್ನು ಮೇಲೆತ್ತಿ ನಿಲ್ಲಿಸಿದ್ದು 1992ರಲ್ಲಿ. ಶಹಾಪುರದ ಮಕ್ಕಳಾದರೋ ಮಲಗಿದ ಬುದ್ಧನ ಆಕಾರದ ಬೆಟ್ಟವನ್ನು ದಿನಾ ಕಂಡವರು. ಒಬ್ಬ ಬುದ್ಧನನ್ನು ಮನುಷ್ಯರು ಕಷ್ಟಪಟ್ಟು ನಿಲ್ಲಿಸಿದರು, ಇನ್ನೊಬ್ಬನನ್ನು ಯಾರೂ ಕಡೆಯಲಿಲ್ಲ. ಯಾವುದು ಹೆಚ್ಚು ಸೋಜಿಗ ಎಂದು ಮಕ್ಕಳೇ ವಾದ ಮಾಡಲಿ.

ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಎಲ್ಲ ಕೋಣೆಗಳನ್ನು ಸುತ್ತಿಸುವ ಹಟ ಬೇಡ. ಗಂಟೆಗೊಮ್ಮೆ ಪುಟ್ಟ ಗೊಂಬೆಯೊಂದು ಹೊರಬಂದು ಗಂಟೆ ಬಾರಿಸುವ ಗಡಿಯಾರದ ಮುಂದೆ ಹತ್ತು ನಿಮಿಷ ಮೊದಲೇ ಕೂತರೆ ಚಿಕ್ಕವನ ಪಾಲಿಗೆ ಅದೇ ಮ್ಯೂಸಿಯಂ. ದೊಡ್ಡವಳಿಗೆ ಹೇಳಲು ಒಂದು ಕಥೆಯಿದೆ. ಬ್ರಿಟಿಷರ ವಿರುದ್ಧ ಎದ್ದ ಸುರಪುರದ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಸೆರೆಸಿಕ್ಕಿದ್ದು ಇದೇ ಹೈದರಾಬಾದಿನಲ್ಲಿ. ಅವನನ್ನು ಬ್ರಿಟಿಷ್ ರೆಸಿಡೆಂಟರಿಗೆ ಒಪ್ಪಿಸಿದವರು ಆಗಿನ ದಿವಾನ, ಮೊದಲನೆಯ ಸಾಲಾರ್ ಜಂಗ್. ಮ್ಯೂಸಿಯಂನ ಬಹುಪಾಲು ವಸ್ತುಗಳನ್ನು ಕೂಡಿಸಿದವರು ಅವರ ಮೊಮ್ಮಗ, ಮೂರನೆಯ ಸಾಲಾರ್ ಜಂಗ್. ಅಜ್ಜನ ಆ ಕೆಲಸವನ್ನೂ ಮೊಮ್ಮಗನ ಈ ಕೊಡುಗೆಯನ್ನೂ ಒಟ್ಟಿಗೆ ತಿಳಿದ ಹುಡುಗಿಗೆ ಇತಿಹಾಸ ಬರೀ ಇಸವಿಗಳ ಪಟ್ಟಿಯಾಗಿ ಉಳಿಯುವುದಿಲ್ಲ.

ಇನ್ನು ವ್ಯವಹಾರದ ಮಾತು. ಮ್ಯೂಸಿಯಂಗೆ ಶುಕ್ರವಾರ, ಪ್ರಾಣಿ ಸಂಗ್ರಹಾಲಯಕ್ಕೆ ಸೋಮವಾರ ರಜೆ. ಸುರಪುರ, ಶಹಾಪುರಗಳಲ್ಲಿ ರೈಲಿಲ್ಲ. ರೈಲಿಗಾದರೆ ಯಾದಗಿರಿಗೆ ಬರಬೇಕು. ರೈಲಿನಲ್ಲಿ ಐದರೊಳಗಿನ ಮಗುವಿಗೆ ಬರ್ತ್ ಕೇಳದಿದ್ದರೆ ಟಿಕೆಟ್ ಬೇಡ. ಐದರಿಂದ ಹನ್ನೆರಡರೊಳಗಿನವರಿಗೆ ಬೇರೆ ಬರ್ತ್ ಬೇಕೆಂದರೆ 2016ರಿಂದ ಪೂರ್ಣ ದರ. ಶಕ್ತಿ ಯೋಜನೆಯ ಉಚಿತ ಪ್ರಯಾಣ ರಾಜ್ಯದೊಳಗೆ ಮಾತ್ರ ಎಂಬುದನ್ನು ಲೆಕ್ಕ ಹಾಕುವಾಗ ಮರೆಯಬಾರದು. ಮಧ್ಯಾಹ್ನ ಎರಡು ತಾಸು ಮಕ್ಕಳು ಮಲಗಲೇಬೇಕು. ಚಾರ್‌ಮಿನಾರ್ ಸುತ್ತಿನ ಗದ್ದಲದಲ್ಲಿ ಕೈ ತಪ್ಪಿದರೆ? ಅಪ್ಪನ ಫೋನ್ ನಂಬರು ಬರೆದ ಚೀಟಿ ಚಿಕ್ಕವನ ಅಂಗಿಯ ಜೇಬಿನಲ್ಲಿರಲಿ. ದೊಡ್ಡವಳಿಗೆ ಅದು ಬಾಯಿಪಾಠವಾಗಿರಲಿ. ‘ತಪ್ಪಿಸಿಕೊಂಡ್ರ ಹುಡುಕ್ಕೋತ ಹೋಗಬ್ಯಾಡ, ನಿಂತಲ್ಲೇ ನಿಂದ್ರು’ ಎಂದು ಹೊರಡುವ ಮುನ್ನವೇ ಕಲಿಸಬೇಕು. ಮಕ್ಕಳ ಸಹಾಯವಾಣಿ 1098 ಎಲ್ಲ ಊರಿಗೂ ಒಂದೇ.

ಜೂನ್‌ನಲ್ಲಿ ಶಾಲೆ ತೆರೆದಾಗ ‘ರಜೆಯಲ್ಲಿ ಎಲ್ಲಿಗೆ ಹೋಗಿದ್ದಿರಿ?’ ಎಂದು ಗುರುಗಳು ಕೇಳುತ್ತಾರೆ. ಹೈದರಾಬಾದ್ ನೋಡಿ ಬಂದವಳು ಉತ್ಸಾಹದಿಂದ ಕೈ ಎತ್ತುತ್ತಾಳೆ. ಅದೇ ತರಗತಿಯಲ್ಲಿ ತಂದೆ ತಾಯಿಯ ಜೊತೆ ಗುಳೆ ಹೋಗಿ, ಕಟ್ಟಡದ ಕೆಲಸ ನಡೆಯುವಲ್ಲೇ ತಿಂಗಳುಗಟ್ಟಲೆ ಇದ್ದು ಬಂದ ಹುಡುಗನೂ ಇರಬಹುದು. ಪ್ರಾಣಿ ಸಂಗ್ರಹಾಲಯವನ್ನು ಅವನು ಕಂಡಿರಲಿಕ್ಕಿಲ್ಲ. ಆದರೆ ಆ ಎತ್ತರದ ಮನೆಗಳು ಹೇಗೆ ಮೇಲೇಳುತ್ತವೆ, ಮರಳು ಹೊತ್ತವರು ಯಾರು ಎಂಬುದು ಅವನಿಗೆ ಗೊತ್ತು. ತನ್ನ ಕಥೆ ಹೇಳಿ ಮುಗಿಸಿದ ಮೇಲೆ ‘ನೀ ಏನೇನ್ ನೋಡಿದಿ?’ ಎಂದು ಅವನನ್ನು ಕೇಳುವ ಬುದ್ಧಿ ಮಗಳಿಗೆ ಬಂದಿದ್ದರೆ, ಆ ಪ್ರವಾಸಕ್ಕೆ ಹಾಕಿದ ಹಣ ವ್ಯರ್ಥವಾಗಲಿಲ್ಲ.