ಗಡ್ಡೆಯೊಳಗಿನ ಉಸಿರು ಮತ್ತು ಒಂದು ಅರ್ಧಸತ್ಯ

ಜಾಲಹಳ್ಳಿಯ ಮರಗಳ ನೆರಳಿನಲ್ಲಿ ಬೆಳಗಿನ ನಡಿಗೆಗೆ ಜೊತೆಯಾಗುವ ಹಿರಿಯರೊಬ್ಬರು ಈಚೆಗೆ ತಮ್ಮ ಮೊಬೈಲಿಗೆ ಬಂದ ಸಂದೇಶವೊಂದನ್ನು ತೋರಿಸಿದರು. ಆಮ್ಲಜನಕವಿರುವಲ್ಲಿ ಕ್ಯಾನ್ಸರ್ ಬದುಕದು, ದೀರ್ಘವಾಗಿ ಉಸಿರಾಡಿದರೆ ರೋಗ ಓಡಿಹೋಗುತ್ತದೆ ಎಂಬುದು ಅದರ ಸಾರ. ಅವರ ತಂಗಿಗೆ ಬಾಯಿಯ ಕ್ಯಾನ್ಸರ್. ವಿಕಿರಣ ಚಿಕಿತ್ಸೆಯನ್ನು ಎರಡು ತಿಂಗಳು ಮುಂದೂಡಿ ಇದನ್ನು ಪ್ರಯತ್ನಿಸಬಹುದೇ ಎಂದು ಅವರು ಕೇಳಿದಾಗ ನನಗೆ ದಿಗಿಲಾಯಿತು.

ಸಂದೇಶದಲ್ಲಿರುವುದು ಅರ್ಧಸತ್ಯ, ಅಪಾಯವಿರುವುದೂ ಅಲ್ಲಿಯೇ. ಗಡ್ಡೆಯೊಳಗೆ ಆಮ್ಲಜನಕದ ಕೊರತೆಯಿರುವುದು ನಿಜ. ಆದರೆ ಅದು ಶ್ವಾಸಕೋಶದ ದೋಷವಲ್ಲ. ರಕ್ತನಾಳದಿಂದ ಹೊರಟ ಆಮ್ಲಜನಕ ಒಂದು ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ದೂರವನ್ನೂ ದಾಟಲಾರದು. ಎಷ್ಟೇ ದೀರ್ಘವಾಗಿ ಉಸಿರೆಳೆದರೂ ಈ ಅಂತರ ಕುಗ್ಗದು.

ಹಾಗಾದರೆ ಉಸಿರುಕಟ್ಟಿದ ಗಡ್ಡೆ ಸಾಯುವ ಬದಲು ಬಲಿಯುವುದೇಕೆ? ಪೀಣ್ಯದ ಕಾರ್ಖಾನೆಗಳಲ್ಲಿ ವಿದ್ಯುತ್ ಹೋದೊಡನೆ ಜನರೇಟರ್ ಚಾಲೂ ಆಗುತ್ತದಲ್ಲ, ಜೀವಕೋಶದಲ್ಲಿಯೂ ಅಂಥದೇ ಏರ್ಪಾಡಿದೆ. ‘ಹಿಫ್’ ಎಂಬ ಪ್ರೋಟೀನು ಆಮ್ಲಜನಕವಿರುವಾಗ ಹುಟ್ಟಿದಷ್ಟೇ ಬೇಗ ನಾಶವಾಗುತ್ತದೆ; ಕೊರತೆಯಾದಾಗ ಉಳಿದುಕೊಂಡು ನೂರಾರು ವಂಶವಾಹಿಗಳನ್ನು ಎಚ್ಚರಿಸುತ್ತದೆ. ಆಗ ಹೊಸ ರಕ್ತನಾಳಗಳು ಚಿಗುರುತ್ತವೆ. ಕೋಶವು ಆಮ್ಲಜನಕವಿಲ್ಲದೆಯೇ ಸಕ್ಕರೆಯಿಂದ ಶಕ್ತಿ ಪಡೆಯುತ್ತದೆ. ಬೆಟ್ಟವೇರುವವರನ್ನು ಕಾಯುವ ಈ ಏರ್ಪಾಡನ್ನೇ ಗಡ್ಡೆ ತನ್ನ ಬೆಳವಣಿಗೆಗೂ ಹರಡುವಿಕೆಗೂ ಬಳಸಿಕೊಳ್ಳುತ್ತದೆ. ಮೂತ್ರಪಿಂಡದ ಒಂದು ಬಗೆಯ ಕ್ಯಾನ್ಸರಿನಲ್ಲಂತೂ ಹಿಫ್ ನಾಶಕ್ಕೆ ಬೇಕಾದ ವಿಎಚ್‌ಎಲ್ ವಂಶವಾಹಿಯೇ ಸಾಮಾನ್ಯವಾಗಿ ಕೆಟ್ಟಿರುತ್ತದೆ. ವಿದ್ಯುತ್ ಇದ್ದರೂ ಜನರೇಟರ್ ನಿಲ್ಲದು!

ಈ ಗುಟ್ಟನ್ನು ಬಿಡಿಸಿದ ಗ್ರೆಗ್ ಸೆಮೆನ್ಜಾ, ಪೀಟರ್ ರ‍್ಯಾಟ್‌ಕ್ಲಿಫ್ ಮತ್ತು ವಿಲಿಯಂ ಕೇಲಿನ್ ಅವರಿಗೆ 2019ರಲ್ಲಿ ನೊಬೆಲ್ ಸಂದಿತು. ಹಿಫ್‌ನ ಒಂದು ರೂಪವನ್ನು ತಡೆಯುವ ಬೆಲ್ಜುಟಿಫಾನ್ ಎಂಬ ಔಷಧಕ್ಕೆ ಅಮೆರಿಕ 2021ರಲ್ಲಿ ಒಪ್ಪಿಗೆ ನೀಡಿತು. ಆದರೆ ಅದು ಎಲ್ಲ ಕ್ಯಾನ್ಸರಿಗೂ ಮದ್ದಲ್ಲ.

ರೋಗಿ ಅರಿಯಬೇಕಾದುದು ಬೇರೆಯೇ ಇದೆ. ಆಮ್ಲಜನಕ ತೀರಾ ಕಡಿಮೆಯಿರುವ ಕೋಶಗಳನ್ನು ಕೊಲ್ಲಲು ಎರಡರಿಂದ ಮೂರು ಪಟ್ಟು ವಿಕಿರಣ ಬೇಕಾಗುತ್ತದೆ. ಬೀಡಿ, ಸಿಗರೇಟಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಕಸಿಯುತ್ತದೆ. ಆದ್ದರಿಂದ ಧೂಮಪಾನ ಬಿಡುವುದು, ರಕ್ತಹೀನತೆಯಿದ್ದರೆ ವೈದ್ಯರ ಗಮನಕ್ಕೆ ತರುವುದು, ಎಲ್ಲಕ್ಕಿಂತ ಮುಖ್ಯವಾಗಿ ಚಿಕಿತ್ಸೆಯನ್ನು ತಡಮಾಡದಿರುವುದು ಅಗತ್ಯ. ಪ್ರಾಣಾಯಾಮ ಮನಸ್ಸಿಗೆ ನೆಮ್ಮದಿ ತರಬಹುದು. ಅದು ಚಿಕಿತ್ಸೆಯ ಜೊತೆಗಿರಲಿ, ಬದಲಿಗೆ ಬೇಡ.

ಹಿರಿಯರಿಗೆ ಇದನ್ನೆಲ್ಲ ವಿವರಿಸಿದೆ. ‘ಇಷ್ಟನ್ನು ಆಸ್ಪತ್ರೆಯಲ್ಲಿ ಯಾರೂ ಕನ್ನಡದಲ್ಲಿ ಹೇಳಲಿಲ್ಲವಲ್ಲ ಸ್ವಾಮಿ’ ಎಂದರು. ಉತ್ತರಿಸಬೇಕಾದವರು ನಮ್ಮ ವೈದ್ಯರು. ಅವರು ಮೌನವಾಗಿರುವಷ್ಟು ಕಾಲ ಮೊಬೈಲ್ ಸಂದೇಶಗಳೇ ಮಾತನಾಡುತ್ತಿರುತ್ತವೆ.