ಅರ್ಧ ಸೆಕೆಂಡ್ ತಡವಾಗಿದ್ದಕ್ಕೆ ಬಚಾವಾದ ಸರ್ವರ್‌ಗಳು: ಪುಕ್ಕಟೆ ಸಾಫ್ಟ್‌ವೇರ್ ಕಾಯುವವರು ಯಾರು?

ತಾಲ್ಲೂಕಿನ ಯಾವ ಅಂಗಡಿಗೆ ಹೋದರೂ ಈಗ ಕೌಂಟರ್ ಮೇಲೆ ಕ್ಯೂಆರ್ ಕೋಡ್ ಇದೆ. ಬಿಲ್, ಸ್ಟಾಕ್, ಜಿಎಸ್‌ಟಿ ಲೆಕ್ಕ ಎಲ್ಲಾ ಮೊಬೈಲು, ಕಂಪ್ಯೂಟರಿನಲ್ಲೇ. ಸರ್ವರ್ ಡೌನ್ ಅಂದರೆ ಗಿರಾಕಿ ಮುಂದೆ ಸುಮ್ಮನೆ ಕೈಕಟ್ಟಿ ನಿಲ್ಲಬೇಕು. ಈ ಸರ್ವರ್‌ಗಳನ್ನೆಲ್ಲ ದೊಡ್ಡ ಕಂಪನಿಗಳು ದುಡ್ಡು ಸುರಿದು ನೋಡಿಕೊಳ್ಳುತ್ತವೆ ಅಂತ ಎಲ್ಲರ ನಂಬಿಕೆ. ಅದು ಅರ್ಧ ಮಾತ್ರ ನಿಜ. ಸರ್ವರ್ ಒಳಗೆ ದುಡಿಯುವ ಸಣ್ಣಪುಟ್ಟ ಸಾಫ್ಟ್‌ವೇರ್‌ಗಳಲ್ಲಿ ಎಷ್ಟೋ, ಯಾರೋ ಒಬ್ಬರು ಕೆಲಸ ಮುಗಿಸಿ ಮನೆಗೆ ಬಂದು ಹವ್ಯಾಸಕ್ಕೆ ಅಂತ ಬರೆದವು. ಸಂಬಳ ಇಲ್ಲ. ಬೈಗುಳ ಮಾತ್ರ ತಪ್ಪದೆ ಬರುತ್ತದೆ.

ಈ ಬೈಗುಳ ಎಲ್ಲಿಗೆ ಮುಟ್ಟಬಹುದು ಅನ್ನೋದಕ್ಕೆ 'ಎಕ್ಸ್‌ಜಡ್' ಪ್ರಕರಣ ನೋಡಬೇಕು.

ಎಕ್ಸ್‌ಜಡ್ ಅಂದರೆ ದೊಡ್ಡ ಫೈಲನ್ನು ಒತ್ತಿ ಚಿಕ್ಕದು ಮಾಡುವ ಸಾಫ್ಟ್‌ವೇರ್. ಜಿಪ್ ಫೈಲ್ ಕಳಿಸಿದವರಿಗೆ ಈ ಕೆಲಸ ಗೊತ್ತು. ಇಂಟರ್ನೆಟ್ಟಿನ ಬಹುಪಾಲು ಸರ್ವರ್‌ಗಳು ಓಡುವುದು ಲಿನಕ್ಸ್ ಮೇಲೆ. ಲಿನಕ್ಸ್ ಇದ್ದ ಕಡೆ ಎಕ್ಸ್‌ಜಡ್ ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಇದನ್ನು ವರ್ಷಗಟ್ಟಲೆ ನೋಡಿಕೊಂಡು ಬಂದವರು ಫಿನ್‌ಲ್ಯಾಂಡಿನ ಲಾಸ್ಸೆ ಕೊಲಿನ್. ಹೆಚ್ಚುಕಮ್ಮಿ ಒಬ್ಬರೇ.

2022ರಲ್ಲಿ ಅವರಿಗೆ ಒಂದರ ಹಿಂದೆ ಒಂದು ಇಮೇಲ್ ಬರತೊಡಗಿದವು. ಹೊಸ ವರ್ಷನ್ ಯಾಕೆ ಬರ್ತಿಲ್ಲ, ನಿಮಗೆ ಆಸಕ್ತಿ ಹೋಗಿದೆ, ಬೇರೆಯವರಿಗಾದ್ರೂ ಬಿಟ್ಟುಕೊಡಿ ಅನ್ನೋ ಧಾಟಿ. ತನಗೆ ಬಹುದಿನಗಳಿಂದ ಮಾನಸಿಕ ಆರೋಗ್ಯದ ತೊಂದರೆ ಇದೆ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಅನ್ನೋದನ್ನೂ ನೆನಪಿಡಿ ಅಂತ ಕೊಲಿನ್ ಆ ಜೂನ್‌ನಲ್ಲಿ ಎಲ್ಲರಿಗೂ ಕಾಣುವಂತೆಯೇ ಬರೆದರು. ಆದರೂ ಒತ್ತಡ ನಿಲ್ಲಲಿಲ್ಲ. ಬೈದವರಲ್ಲಿ ಒಬ್ಬನ ಹೆಸರು 'ಜಿಗರ್ ಕುಮಾರ್'. ನಮ್ಮ ದೇಶದವನ ಹೆಸರೇ ಅನ್ನಿಸುತ್ತದೆ, ಆದರೆ ಅದು ಸುಳ್ಳು ಹೆಸರು ಅನ್ನೋದು ತನಿಖೆ ಮಾಡಿದ ತಜ್ಞರ ಅಂದಾಜು. ಕೆಲಸ ಆದ ಮೇಲೆ ಆ ಹೆಸರು ಎಲ್ಲೂ ಕಾಣಲಿಲ್ಲ.

ಅಷ್ಟೊತ್ತಿಗೆ 'ಜಿಯಾ ಟಾನ್' ಅನ್ನೋ ಇನ್ನೊಬ್ಬ 2021ರಿಂದಲೇ ಸಹಾಯಕ್ಕೆ ಬಂದಿದ್ದ. ಬೈಗುಳ ಇಲ್ಲ, ಅವಸರ ಇಲ್ಲ, ಹೇಳಿದ ಕೆಲಸ ಅಚ್ಚುಕಟ್ಟು. ದಣಿದಿದ್ದ ಮನುಷ್ಯ ಇಂಥವನ ಕೈಗೆ ಬೀಗದಕೈ ಕೊಟ್ಟಿದ್ದರಲ್ಲಿ ಆಶ್ಚರ್ಯ ಇಲ್ಲ. 2024ರ ಫೆಬ್ರವರಿಯಲ್ಲಿ ಬಂದ 5.6.0 ವರ್ಷನ್ನಿನೊಳಗೆ ಅದೇ ಟಾನ್ ಒಂದು ಕಳ್ಳಗಿಂಡಿ ಇಟ್ಟಿದ್ದ. ದೂರದಲ್ಲಿ ಕೂತು ಸರ್ವರ್‌ಗೆ ಲಾಗಿನ್ ಆಗುವ 'ಎಸ್ಎಸ್ಎಚ್' ವ್ಯವಸ್ಥೆಗೆ ಅದು ಕೈಹಾಕುತ್ತಿತ್ತು. ಗುಟ್ಟಿನ ಕೀ ಇದ್ದವನಿಗೆ ಆ ಸರ್ವರ್ ಪೂರ್ತಿ ತೆರೆದ ಮನೆ.

ಸಿಕ್ಕಿಬಿದ್ದದ್ದು ಹೇಗೆ ಅಂದರೆ, ಮೈಕ್ರೋಸಾಫ್ಟ್ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಬೇರೇನೋ ಪರೀಕ್ಷೆ ಮಾಡುತ್ತಿದ್ದಾಗ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿರುವುದನ್ನು ಗಮನಿಸಿದರು. ನಮ್ಮಲ್ಲಾದರೆ 'ನೆಟ್ ಸ್ಲೋ' ಅಂತ ಸುಮ್ಮನಾಗುತ್ತಿದ್ದರು. ಅವರು ಬಿಡದೆ ಕೆದಕಿದರು. 2024ರ ಮಾರ್ಚ್ 29, ಗುಡ್ ಫ್ರೈಡೇ ದಿನ ವಿಷಯ ಬಯಲಿಗಿಟ್ಟರು. ನೀರಿಗೆ ಹೋದ ಓಬವ್ವನ ಕಣ್ಣಿಗೆ ಕಿಂಡಿ ಬಿದ್ದ ಹಾಗೆ. ಅಪಾಯದ ಅಂಕ 10ಕ್ಕೆ 10 ಅಂತ ದಾಖಲಾಯಿತು. ಕಳ್ಳ ವರ್ಷನ್ ಆಗಿನ್ನೂ ಡೆಬಿಯನ್, ಫೆಡೋರಾದಂಥ ಲಿನಕ್ಸ್‌ಗಳ ಪರೀಕ್ಷಾ ಆವೃತ್ತಿಗಳಲ್ಲಿತ್ತು, ಜನಬಳಕೆಯ ಸರ್ವರ್‌ಗಳಿಗೆ ಇಳಿದಿರಲಿಲ್ಲ. ಟಾನ್ ಅಂದಿನಿಂದ ನಾಪತ್ತೆ.

ಎಲ್ಲರೂ ಹ್ಯಾಕರ್‌ನ ಚಾಲಾಕಿತನದ ಬಗ್ಗೆ ಮಾತಾಡಿದರು. ಆದರೆ ಕಿಂಡಿ ಕೊರೆಯುವ ಮೊದಲು ಅವರು ಮಾಡಿದ್ದು ಸುಸ್ತಾದ ಒಬ್ಬ ಹವ್ಯಾಸಿಯನ್ನು ಬೈದು ಬೈದು ಮೆತ್ತಗೆ ಮಾಡಿದ್ದು. ಆ ಬೈಗುಳ ನಾಟಕ ಅಂತ ಯಾರಿಗೂ ಅನುಮಾನ ಬರಲಿಲ್ಲ. ಯಾಕೆ ಬರುತ್ತೆ? ನಿಜವಾದ ಬಳಕೆದಾರರೂ ದಿನಾ ಹಾಗೇ ಬೈಯುತ್ತಾರೆ! ಜಾತ್ರೆಯಲ್ಲಿ ಪುಕ್ಕಟೆ ಬಡಿಸುವವನಿಗೇ ಉಪ್ಪಿನಕಾಯಿ ಎಲ್ಲಿ ಅಂತ ಗದರುವ ಜನ ಎಲ್ಲ ಕಡೆ ಇದ್ದಾರೆ.

ದೊಡ್ಡ ಕಂಪನಿಗಳೂ ಇದರಲ್ಲಿ ಕಮ್ಮಿ ಇಲ್ಲ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಚಾಟ್ ಗುಂಪೊಂದಕ್ಕೆ ಕರೆನ್ಸಿ ರೇಟ್ ತರಿಸಿಕೊಡಲು ಕೈಹಾಕಿದ ಪುಟ್ಟ ಪ್ರೋಗ್ರಾಮ್ 1998ರಲ್ಲಿ 'ಕರ್ಲ್' ಅಂತಾಯಿತು. ಬಹುಕಾಲ ಅದನ್ನು ಬಿಡುವಿನ ವೇಳೆಯಲ್ಲೇ ಬೆಳೆಸಿದರು. ಇವತ್ತು ಅದು ಫೋನು, ಟಿವಿ, ಕಾರುಗಳೊಳಗೆ ಇದೆ. 2022ರ ಜನವರಿಯಲ್ಲಿ ಅಮೆರಿಕದ ಭಾರೀ ಕಂಪನಿಯೊಂದು ಅವರಿಗೆ ಪ್ರಶ್ನೆಗಳ ಪಟ್ಟಿ ಕಳಿಸಿ 24 ಗಂಟೆಯಲ್ಲಿ ಉತ್ತರ ಕೊಡಿ ಅಂದಿತು. ಒಂದು ರೂಪಾಯಿಯ ಒಪ್ಪಂದವೂ ಇರಲಿಲ್ಲ. ಸಪೋರ್ಟ್ ಕಾಂಟ್ರ್ಯಾಕ್ಟ್ ಮಾಡಿಕೊಳ್ಳಿ, ಉತ್ತರ ಕೊಡ್ತೀನಿ ಅನ್ನೋ ಅರ್ಥದಲ್ಲಿ ಅವರು ಮರುತ್ತರ ಬರೆದರು. ಈಚೆಗೆ ಎಐ ಬಳಸಿ ಬರೆದ ಸುಳ್ಳು ದೂರುಗಳ ಕಾಟ ಬೇರೆ. ದೋಷ ಹುಡುಕಿದವರಿಗೆ ಕೊಡುತ್ತಿದ್ದ ಬಹುಮಾನವನ್ನೇ ಕರ್ಲ್ ನಿಲ್ಲಿಸಬೇಕಾಯಿತು.

ದುಡ್ಡು ಕೊಡುವವರು ಇಲ್ಲವೇ ಇಲ್ಲ ಅಂತಲ್ಲ. ಬೆಂಗಳೂರಿನ ಜೆರೋಧಾ 2024ರ ಅಕ್ಟೋಬರ್‌ನಲ್ಲಿ ಇಂಥ ಸಾಫ್ಟ್‌ವೇರ್‌ಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವ ನಿಧಿ ಘೋಷಿಸಿತು. ಒಳ್ಳೆ ಹೆಜ್ಜೆ. ಆದರೆ ಕೊಲಿನ್‌ಗೆ ದುಡ್ಡಿನಷ್ಟೇ ಬೇಕಾಗಿದ್ದು ನಂಬಿಕಸ್ಥ ಇನ್ನೊಂದು ಕೈ. ಅದನ್ನು ಚೆಕ್ ಬರೆದು ತರಿಸೋಕಾಗಲ್ಲ.

ಇದು ಫಿನ್‌ಲ್ಯಾಂಡಿನ ಕಥೆ ಅಂತ ಅಂಗಡಿಯವರು ತಳ್ಳಿಹಾಕುವಂತಿಲ್ಲ. ಫ್ರಿಜ್ಜು, ಯುಪಿಎಸ್‌ಗೆ ತಪ್ಪದೆ ಎಎಂಸಿ ಕಟ್ಟುವವರು, ಪರಿಚಯದ ಹುಡುಗ ಬಿಡುವಿನಲ್ಲಿ ಮಾಡಿಕೊಟ್ಟ ಬಿಲ್ಲಿಂಗ್ ಪ್ರೋಗ್ರಾಮಿಗೆ ಏನು ಕಟ್ಟುತ್ತಾರೆ? ಅವನು ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ ಪಾಸ್‌ವರ್ಡ್ ಯಾರ ಹತ್ತಿರ ಇದೆ? ಹಬ್ಬದ ಸೀಸನ್‌ನಲ್ಲಿ ಪ್ರಿಂಟ್ ಬರದಿದ್ದಾಗ ರಾತ್ರಿ ಹತ್ತಕ್ಕೆ ಫೋನ್ ಮಾಡಿ ರೇಗುವುದು ಅವನ ಮೇಲೇ.

ಎಕ್ಸ್‌ಜಡ್ ಈಗ ಮತ್ತೆ ಕೊಲಿನ್ ಕೈಗೆ ಬಂದಿದೆ. ಸುದ್ದಿ ಬಯಲಾದಾಗ ರಜೆಯಲ್ಲಿದ್ದ ಅವರು ವಾಪಸ್ ಬಂದು ಟಾನ್ ಸೇರಿಸಿದ್ದನ್ನು ಜಾಲಾಡಿದರು. 2024ರ ಮೇ ಕೊನೆಗೆ ಕಳ್ಳಗಿಂಡಿ ಮುಚ್ಚಿದ 5.6.2 ವರ್ಷನ್ ಬಿಟ್ಟರು.