ಬಾಯಿ ಕಟ್ಟಿದ್ದು ಇಂಗ್ಲಿಷಿನಿಂದ ಅಲ್ಲ

ಕಳೆದ ಫೆಬ್ರವರಿಯಲ್ಲಿ ನಮ್ಮೂರಿನ ಹುಡುಗನೊಬ್ಬ ನಮ್ಮನ್ನು ಹುಡುಕಿಕೊಂಡು ಬಂದಿದ್ದ. ಎಸ್ಸೆಸ್ಸೆಲ್ಸಿ ತನಕ ಕನ್ನಡ ಮಾಧ್ಯಮ, ಆಮೇಲೆ ಪ್ಲಸ್ ಟು ಕಾಮರ್ಸ್, ಬಿ.ಕಾಂ. ನವೆಂಬರಿನಲ್ಲಿ ಕ್ಯಾಟ್ ಬರೆದಿದ್ದ, ಒಂದು ಬಿಸಿನೆಸ್ ಸ್ಕೂಲಿನಿಂದ ಇಂಟರ್‌ವ್ಯೂಗೆ ಕಾಲ್ ಲೆಟರ್ ಬಂದಿತ್ತು. ನಾವು ಅಂದರೆ ಒಂದೇ ಬ್ಯಾಚಿನಲ್ಲಿ ಬಿ.ಕಾಂ. ಮುಗಿಸಿ ಈಗ ಬೇರೆ ಬೇರೆ ಬ್ಯಾಂಕುಗಳಲ್ಲಿ ಕ್ಲಾರ್ಕ್ ಆಗಿರುವ ಮೂವರು. ನಮ್ಮಲ್ಲಿ ಎಂಬಿಎ ಓದಿದವರು ಯಾರೂ ಇಲ್ಲ. ಆದರೂ ಬಂದ. ಬೇರೆ ಯಾರ ಹತ್ತಿರ ಹೋಗುದು ಅವನು?

ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಜಗಲಿಯಲ್ಲಿ ಮೂರು ಕುರ್ಚಿ ಹಾಕಿ ನಾವು ಕೂತೆವು, ಎದುರಿಗೆ ಅವನು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಫೈಲು. ಮೊದಲ ಪ್ರಶ್ನೆ ಎಲ್ಲರೂ ಕೇಳುವುದೇ: ನಿನ್ನ ಬಗ್ಗೆ, ನಿನ್ನ ಊರಿನ ಬಗ್ಗೆ ಹೇಳು. ಅವನು ಇಂಗ್ಲಿಷಿನಲ್ಲಿ ಶುರು ಮಾಡಿದ, “ಕಾಸರಗೋಡ್ ಈಸ್ ಎ ಬ್ಯಾಕ್‌ವರ್ಡ್ ಡಿಸ್ಟ್ರಿಕ್ಟ್, ಸರ್.” ಅಷ್ಟೇ. ಮುಂದೆ ಮಾತಿಲ್ಲ.

ಇಂಗ್ಲಿಷಿನ ಸಮಸ್ಯೆ ಅಂತ ನಾವೂ ಅಂದುಕೊಂಡೆವು. “ಬಿಡು, ಕನ್ನಡದಲ್ಲೇ ಹೇಳು” ಅಂದೆವು. “ಕಾಸರಗೋಡು ಒಂದು ಹಿಂದುಳಿದ ಜಿಲ್ಲೆ” ಅಂದ, ಮತ್ತೆ ಸುಮ್ಮನಾದ. ಮನೆಮಾತು ತುಳು, ತುಳುವಿನಲ್ಲಿ ಕೇಳಿದೆವು. ನಕ್ಕ, ನೆಲ ನೋಡಿದ. “ಎಂತ ಹೇಳುದು ಅಣ್ಣಾ, ಹಾಗೆಲ್ಲ ಯಾರೂ ಕೇಳಿದ್ದೇ ಇಲ್ಲ.”

ನಮಗೆ ಆವತ್ತು ಹೊಳೆದದ್ದು ಇದು. ಇಂಥ ಇಂಟರ್‌ವ್ಯೂಗಳನ್ನು ತೋರಿಸಿಯೇ ನಮ್ಮ ಮನೆಗಳಲ್ಲಿ ಮಕ್ಕಳನ್ನು ಕನ್ನಡ ಶಾಲೆಯಿಂದ ಬಿಡಿಸುತ್ತಾರೆ. “ಕನ್ನಡ ಮೀಡಿಯಂ ಓದಿದ್ರೆ ನಾಳೆ ಇಂಟರ್‌ವ್ಯೂನಲ್ಲಿ ಬಾಯಿ ಬರುದಿಲ್ಲ ಮಾರಾಯ್ರೆ” ಅಂತ ಹೇಳುವವರು ನಮ್ಮ ನೆಂಟರಲ್ಲೇ ಎಷ್ಟು ಜನ ಇಲ್ಲ? ಬಾಯಿ ಬರುವುದಿಲ್ಲ ಎನ್ನುವುದು ನಿಜ. ಆದರೆ ಈ ಹುಡುಗನಿಗೆ ಮೂರು ಭಾಷೆಯಲ್ಲೂ ಬರಲಿಲ್ಲ. ಹದಿನೈದು ವರ್ಷ ತರಗತಿಯಲ್ಲಿ ಕೂತವನನ್ನು “ನಿನಗೆ ಏನನ್ನಿಸುತ್ತದೆ” ಅಂತ ಯಾರೂ ಕೇಳಿರಲಿಲ್ಲ. ಕನ್ನಡ ಗೊತ್ತಿಲ್ಲದ ಅಧ್ಯಾಪಕರನ್ನು ಕನ್ನಡ ತರಗತಿಗೆ ನೇಮಿಸಿದಾಗ ನಾವು ಬೀದಿಗೆ ಇಳಿದಿದ್ದೇವೆ. ಆಗ ನಮ್ಮ ಮಾತೆಲ್ಲ ಪಾಠದ ಬಗ್ಗೆ, ಮಾರ್ಕಿನ ಬಗ್ಗೆ ಇತ್ತು. ಅಧ್ಯಾಪಕರಿಗೆ ತನ್ನ ಭಾಷೆ ತಿಳಿಯದಿದ್ದರೆ ಮಗು ಪ್ರಶ್ನೆ ಕೇಳುವುದನ್ನೇ ನಿಲ್ಲಿಸುತ್ತದೆ. ಆ ನಷ್ಟ ಮಾರ್ಕ್ ಕಾರ್ಡಿನಲ್ಲಿ ಕಾಣುವುದಿಲ್ಲ. ಇಪ್ಪತ್ತೊಂದನೇ ವಯಸ್ಸಿನಲ್ಲಿ ಇಬ್ಬರು ಪ್ರೊಫೆಸರುಗಳ ಎದುರು ಕೂತಾಗ ಕಾಣುತ್ತದೆ.

ಭಾಷೆಯ ಅನ್ಯಾಯವೇ ಇಲ್ಲ ಅಂತ ನಾವು ಹೇಳುವುದಿಲ್ಲ. ಯುಪಿಎಸ್‌ಸಿ ಸಿವಿಲ್ ಸರ್ವಿಸ್ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ಸಂದರ್ಶನವನ್ನೂ ಕನ್ನಡದಲ್ಲೇ ಕೊಡಬಹುದು. ಬ್ಯಾಂಕ್ ಕ್ಲಾರ್ಕ್ ಪರೀಕ್ಷೆಯ ಪ್ರಿಲಿಮ್ಸ್, ಮೇನ್ಸ್ ಎರಡೂ ಕನ್ನಡ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಯಬೇಕೆಂದು ಕೇಂದ್ರ ಹಣಕಾಸು ಸಚಿವಾಲಯ 2021ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು. ಕ್ಯಾಟ್ ಮಾತ್ರ ಇವತ್ತಿಗೂ ಇಂಗ್ಲಿಷಿನದ್ದೇ. ಎರಡು ಗಂಟೆ, ಮೂರು ಭಾಗ, ಒಂದು ಭಾಗವಂತೂ ಪೂರ್ತಿ ಇಂಗ್ಲಿಷ್ ಓದಿನ ಪರೀಕ್ಷೆ. ಅದರ ಬಗ್ಗೆ ಬೇರೆ ಜಗಳ ಮಾಡುವ, ಮಾಡಲೇಬೇಕು. ಆದರೆ ಕಾಲ್ ಲೆಟರ್ ಕೈಗೆ ಬಂದ ಹುಡುಗ ಆ ಪರೀಕ್ಷೆಯನ್ನು ದಾಟಿ ಬಂದವನಲ್ಲವೇ? ಅವನಿಗೆ ಬೇಕಾದದ್ದು ಹೇಳಲು ಏನಾದರೂ ಉಂಟು ಎಂಬ ಧೈರ್ಯ.

“ಹಿಂದುಳಿದ ಜಿಲ್ಲೆ” ಎಂಬ ಮಾತನ್ನು ಮೊದಲು ಬಿಡಿಸಿದೆವು. ಅದನ್ನು ಅವನು ಕಲಿತದ್ದು ನಮ್ಮಿಂದಲೇ. ನಮ್ಮ ಮನವಿ ಪತ್ರಗಳೆಲ್ಲ ಹಾಗೇ ಶುರುವಾಗುತ್ತವೆ, ಅಲ್ವಾ? ಮಂತ್ರಿಗೆ ಕೊಡುವ ಮನವಿಗೆ ಅದು ಸರಿ. ಸೀಟು ಕೇಳಲು ಹೋದವನು ಅದನ್ನೇ ಹೇಳಿದರೆ ಎದುರಿಗಿದ್ದವರಿಗೆ ಮುಂದೆ ಕೇಳಲು ಏನೂ ಉಳಿಯುವುದಿಲ್ಲ.

“ನಿಮ್ಮ ಮನೆಯ ಅಡಿಕೆ ಎಲ್ಲಿಗೆ ಹೋಗ್ತದೆ?” ಅಂತ ಕೇಳಿದೆವು. ಕ್ಯಾಂಪ್ಕೊಗೆ. ಕ್ಯಾಂಪ್ಕೊ ಅಂದರೆ ಏನು? ಗೊತ್ತಿಲ್ಲ. ಸದಸ್ಯನ ಮಗನಿಗೇ ಗೊತ್ತಿಲ್ಲ! ಅಡಿಕೆ ಬೆಲೆ ನೆಲ ಕಚ್ಚಿದ ಕಾಲದಲ್ಲಿ ವಾರಣಾಶಿ ಸುಬ್ರಾಯ ಭಟ್ಟರು ಮುಂದೆ ನಿಂತು 1973ರಲ್ಲಿ ಕಟ್ಟಿದ ಸಹಕಾರಿ ಸಂಸ್ಥೆ. ಕರ್ನಾಟಕ, ಕೇರಳ ಎರಡೂ ರಾಜ್ಯದ ಬೆಳೆಗಾರರದ್ದು. ಗಡಿ ನಮ್ಮನ್ನು ಬೇರೆ ಮಾಡಿತು ಅಂತ ನಾವು ದಿನಾ ಹೇಳುತ್ತೇವೆ, ಗಡಿ ದಾಟಿ ಕಟ್ಟಿದ ಇದನ್ನು ಮರೆಯುತ್ತೇವೆ. ಕೊಕ್ಕೋ ಬೆಳೆದವರಿಗೆ ಕೊಳ್ಳುವವರಿಲ್ಲದಾದಾಗ ಕ್ಯಾಂಪ್ಕೊ ಖರೀದಿಗೆ ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆ ಹಾಕಿತು. ಬಿಸಿನೆಸ್ ಸ್ಕೂಲಿನ ಇಂಟರ್‌ವ್ಯೂಗೆ ಇದಕ್ಕಿಂತ ಒಳ್ಳೆಯ ವಿಷಯ ಬೇಕಾ?

ಬ್ಯಾಂಕಿನ ಕಥೆ ನಮ್ಮದೇ ಕಸುಬು, ಅದರಲ್ಲಿ ಸ್ವಲ್ಪ ಹೆಚ್ಚೇ ಕೊರೆದೆವು ಅಂತ ಕಾಣ್ತದೆ. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಲದಲ್ಲಿ ಅದೇ ಜಿಲ್ಲೆಯಲ್ಲಿ ಕೆನರಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ ಹುಟ್ಟಿದವು. ಸಿಂಡಿಕೇಟ್ 1928ರಲ್ಲಿ ಪಿಗ್ಮಿ ಶುರು ಮಾಡಿ ಮನೆ ಬಾಗಿಲಿಗೆ ಏಜೆಂಟ್ ಕಳಿಸಿ ದಿನಕ್ಕೆ ಎರಡಾಣೆ ಸಂಗ್ರಹಿಸಿತು. ಆ ಬ್ಯಾಂಕನ್ನು ನಡೆಸಿದ ಟಿ.ಎ. ಪೈಯವರ ಹೆಸರಿನಲ್ಲೇ ಮಣಿಪಾಲದಲ್ಲಿ ಇವತ್ತು ಮ್ಯಾನೇಜ್‌ಮೆಂಟ್ ಸಂಸ್ಥೆ ಉಂಟು. ನಾವು ಹೇಳಿದ್ದನ್ನು ಅವನು ಬರೆದುಕೊಳ್ಳುತ್ತಿದ್ದ. ಬರೆಯಬೇಡ, ನಿನ್ನ ಅಪ್ಪನ ಹತ್ತಿರ, ಅಜ್ಜಿಯ ಹತ್ತಿರ ಕೇಳಿಕೊಂಡು ಬಾ ಅಂದೆವು. ಮುಂದಿನ ಭಾನುವಾರ ಬಂದಾಗ ಅಜ್ಜಿ ಪಿಗ್ಮಿ ಕಟ್ಟಿ ಚಿನ್ನ ಮಾಡಿಸಿದ ಕಥೆ ಹೇಳಿದ. ಹತ್ತು ನಿಮಿಷ, ಕನ್ನಡದಲ್ಲಿ, ನಿಲ್ಲಿಸದೆ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿಸಿದೆವು. ವ್ಯಾಕರಣ ಅಲ್ಲಲ್ಲಿ ಎಡವಿತು, ಕಥೆ ಎಡವಲಿಲ್ಲ.

ಇದೆಲ್ಲ ನಮಗೆ ಮೊದಲೇ ಗೊತ್ತಿದ್ದರೆ! ಕೆಲಸಕ್ಕೆ ಸೇರಿ ಮೂರು ವರ್ಷವಾದಾಗ ನಮ್ಮಲ್ಲೊಬ್ಬರು ಒಂದು ಕಡೆ ಇಂಟರ್‌ವ್ಯೂಗೆ ಹೋಗಿದ್ದರು. ಬ್ಯಾಂಕಿನಲ್ಲಿ ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ “ಕ್ಲೆರಿಕಲ್ ವರ್ಕ್, ಸರ್” ಅಂದರು. ಎದುರಿಗಿದ್ದವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು, ಮುಗಿಯಿತು. ನಕ್ಕದ್ದು ತಪ್ಪೇ. ಆದರೆ ಕೌಂಟರಿನಲ್ಲಿ ನಾವು ದಿನಾ ಮಾಡುವುದು ಅಷ್ಟೆಯಾ? ಮಲಯಾಳದಲ್ಲಿರುವ ಫಾರಂ ಹಿಡಿದುಕೊಂಡು ಬರುವ ಬದಿಯಡ್ಕ, ಪೆರ್ಲದ ಹಿರಿಯರಿಗೆ ಅದನ್ನು ಓದಿ ಹೇಳುತ್ತೇವೆ, ಸಾಲದ ಷರತ್ತು ಅವರ ಭಾಷೆಯಲ್ಲಿ ಬಿಡಿಸುತ್ತೇವೆ, ಕ್ಯೂ ಬೆಳೆಯದಂತೆಯೂ ನೋಡಿಕೊಳ್ಳುತ್ತೇವೆ. ಭಾಷೆ ಅರ್ಥವಾಗದೆ ಸಹಿ ಹಾಕಿದ ಗ್ರಾಹಕ ನಾಳೆ ಕಂತು ತಪ್ಪಿಸಿದರೆ ಅದು ಬ್ಯಾಂಕಿನ ಲೆಕ್ಕಕ್ಕೇ ಬರುವ ವಿಷಯ. ಆವತ್ತು ಇದನ್ನು ಹೇಳಬಹುದಿತ್ತು. ಅದು ಹೇಳುವಂಥ ವಿಷಯ ಅಂತಲೇ ನಮಗೆ ಹೊಳೆದಿರಲಿಲ್ಲ.

ಇನ್ನು ಆ ಪ್ರಶ್ನೆ. ಕೇರಳದವನು, ಮಾತೃಭಾಷೆ ತುಳು, ಓದಿದ್ದು ಕನ್ನಡದಲ್ಲಿ, ಹೇಗೆ? ಇದು ಬಂದೇ ಬರುತ್ತದೆ. ನಮ್ಮ ಪೇಜಿನ ಕೆಲವರಿಗೆ ಸಿಟ್ಟು ಬರಬಹುದು, ಆದರೂ ಹೇಳುತ್ತೇವೆ: ಅಲ್ಲಿ ಧರಣಿ ಕೂರಬೇಡ ಅಂದೆವು. 1956 ನವೆಂಬರ್ 1ರ ತನಕ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ, ಆಮೇಲೆ ಕೇರಳ. ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ್ ಆಯೋಗ 1967ರಲ್ಲಿ ಹೇಳಿತು, ಜಾರಿಯಾಗಲಿಲ್ಲ. ಮೂರು ವಾಕ್ಯ ಸಾಕು. ನಿನ್ನ ಅಭಿಪ್ರಾಯ ಕೇಳಿದರೆ ಮಾತ್ರ ಹೇಳು, ಹೇಳುವಾಗ ಹೆದರಬೇಡ. ಅವನು ಕೇಳಿದ, “ನನ್ನ ಅಭಿಪ್ರಾಯ ನಿಮ್ಮದ್ದೇ ಆಗಿರಬೇಕಾ ಅಣ್ಣಾ?” ನಾವು ಮೂವರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಬೇಡ ಅಂದೆವು.

ಕಣ್ಣೂರಿನಿಂದ ಬರುವ ರಾತ್ರಿ ರೈಲಿಗೆ ಹತ್ತಿ ಬೆಂಗಳೂರಿಗೆ ಹೋದ. ಒಳಗಿದ್ದದ್ದು ಇಪ್ಪತ್ತು ನಿಮಿಷ. ಕಾಸರಗೋಡಿನ ಪ್ರಶ್ನೆ ಬಂತು, ಮೂರು ವಾಕ್ಯ ಹೇಳಿದ, ಅಭಿಪ್ರಾಯ ಯಾರೂ ಕೇಳಲಿಲ್ಲ. ನಮ್ಮ ಇಡೀ ಚರ್ಚೆ ಹೊಳೆಯಲ್ಲಿ ಹೋಯಿತು! ಕ್ಯಾಂಪ್ಕೊ ಹೇಳಿದಾಗ ಮಾತ್ರ ಒಬ್ಬರು ಮುಂದೆ ಬಾಗಿ ಕೂತರಂತೆ. ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಕ್ಯಾನ್ಸರ್‌ಕಾರಕ ಎಂದಿದೆಯಲ್ಲ, ಆ ಸಂಸ್ಥೆಯ ಜವಾಬ್ದಾರಿ ನಿನ್ನ ಕೈಗೆ ಬಂದರೆ ಏನು ಮಾಡುತ್ತೀ? ನಾವು ಇದನ್ನು ಕೇಳಿರಲಿಲ್ಲ, ಕೇಳುವ ಧೈರ್ಯವೂ ನಮಗಿರಲಿಲ್ಲ. ಅವನು ಹೇಳಿದ್ದು, “ಇದು ನಮ್ಮ ಮನೆಯ ಅನ್ನದ ಪ್ರಶ್ನೆ ಸರ್, ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ. ಅಪ್ಪ ತೋಟದ ನಡುವೆ ಕಾಳುಮೆಣಸು, ಕೊಕ್ಕೋ ಹಾಕಿದ್ದಾರೆ. ಸಂಸ್ಥೆಯೂ ಆ ದಾರಿ ಹಿಡಿದಿದೆ, ಇನ್ನೂ ಬೇಗ ನಡೆಯಬೇಕು ಅನ್ನಿಸುತ್ತದೆ.” ಅದರ ಮೇಲೆಯೇ ಐದು ನಿಮಿಷ ಮಾತಾಯಿತಂತೆ.

ವೈಟಿಂಗ್ ಲಿಸ್ಟಿನಲ್ಲಿ ಹೆಸರು ಬಂತು, ಸೀಟಿನ ತನಕ ಇಳಿಯಲಿಲ್ಲ. ಈ ನವೆಂಬರಿನಲ್ಲಿ ಮತ್ತೆ ಬರೆಯುತ್ತಾನೆ. ಅಷ್ಟರವರೆಗೆ ಮಂಗಳೂರಿನಲ್ಲಿ ಒಂದು ಆಡಿಟರ್ ಆಫೀಸಿಗೆ ದಿನಾ ಟ್ರೈನಿನಲ್ಲಿ ಹೋಗಿ ಬರುತ್ತಾನೆ. ಭಾನುವಾರ ಜಗಲಿಗೆ ಈಗಲೂ ಬರುತ್ತಾನೆ, ಇನ್ನಿಬ್ಬರನ್ನು ಕರಕೊಂಡು. ಅವರಲ್ಲಿ ಒಬ್ಬಳು ಮೀಯಪದವಿನ ಹುಡುಗಿ. ಮೊದಲ ದಿನ ನಾವು ಪ್ರಶ್ನೆ ಕೇಳುವ ಮೊದಲೇ ಅವಳು ನಮ್ಮನ್ನು ಕೇಳಿದಳು, “ನೀವ್ಯಾಕೆ ಮತ್ತೆ ಬರೆಯಲಿಲ್ಲ?”